ರಾತ್ರಿ ಒಂದಾದರೂ ಮಗಳಿಗೆ ನಿದ್ದೆ ಇಲ್ಲ, ನಿಮ್ಮನೆಯಲ್ಲಿ ಏನು ಮಾಡಿದಿರಿ?

ಮಗಳಿಗೆ 14 ವರ್ಷ, ಒಂಬತ್ತನೇ ಕ್ಲಾಸು. ಹತ್ತಕ್ಕೆ ಲೈಟ್ ಆರಿಸಿದರೂ ಹನ್ನೆರಡೂವರೆ, ಒಂದರವರೆಗೆ ಹೊರಳಾಡುತ್ತಾಳೆ. ಬೆಳಿಗ್ಗೆ 7.10ಕ್ಕೆ ಸ್ಕೂಲ್ ಬಸ್. ಅವಳನ್ನು ಏಳಿಸುವಷ್ಟರಲ್ಲಿ ದಿನಾ ಕುರುಕ್ಷೇತ್ರ. ಆರು ವರ್ಷದ ತಮ್ಮನೂ ಈಗ ‘ಅಕ್ಕ ಮಲಗಿದ ಮೇಲೇ ನಾನು’ ಅನ್ನುತ್ತಾನೆ. ಬೈದದ್ದಾಯಿತು, ಬೇಡಿಕೊಂಡದ್ದಾಯಿತು, ವೈಫೈ ಆಫ್ ಮಾಡಿದ್ದೂ ಆಯಿತು. ಅನುಭವ ಇದ್ದವರು ದಯವಿಟ್ಟು ಹೇಳಿ.

ಮೈಸೂರಿನಿಂದ ಒಬ್ಬ ಅಮ್ಮ:
ನನ್ನ ಮಗ ಈಗ ಪಿಯುಸಿ. ಒಂಬತ್ತರಲ್ಲಿ ಅವನದೂ ಇದೇ ಕತೆ. ಮೊದಲು ಒಂದು ಮಾತು, ಅವಳು ಹಟ ಮಾಡುತ್ತಿಲ್ಲ. ಈ ವಯಸ್ಸಿನಲ್ಲಿ ನಿದ್ದೆಗೆ ಕರೆಯುವ ಮೆಲಟೋನಿನ್ ಅನ್ನುವ ಹಾರ್ಮೋನು ದೇಹದಲ್ಲಿ ಏರುವ ಹೊತ್ತೇ ಒಂದೆರಡು ಗಂಟೆ ತಡವಾಗುತ್ತದೆ. ಹತ್ತಕ್ಕೆ ಮಲಗು ಅಂದರೆ ನಮ್ಮನ್ನು ಎಂಟಕ್ಕೇ ಹಾಸಿಗೆಗೆ ಅಟ್ಟಿದ ಹಾಗೆ. ಹಾಗಂತ ನಿದ್ದೆ ಕಮ್ಮಿ ಸಾಕು ಅಂತಲ್ಲ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು, ನಿಮ್ಮ ಚಿಕ್ಕವನಿಗೆ 9ರಿಂದ 12. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೆಚ್ಚಿನ ಸರ್ಕಾರಿ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮುಂಚೆ ಶುರುವಾಗಬಾರದು ಅಂತ ಕಾನೂನೇ ಇದೆ. ನಮ್ಮ ಬಸ್ಸಿನವರಿಗೆ ಇದನ್ನು ಯಾರು ಹೇಳುವುದು!

ನಾವು ರಾತ್ರಿಯ ಜಗಳ ಬಿಟ್ಟು ಬೆಳಿಗ್ಗೆಯನ್ನು ಹಿಡಿದೆವು. ಭಾನುವಾರ ಅವನು ಹನ್ನೊಂದರವರೆಗೆ ಮಲಗುತ್ತಿದ್ದ. ಆ ರಾತ್ರಿ ಎರಡಾದರೂ ನಿದ್ದೆ ಇಲ್ಲ, ಸೋಮವಾರ ಹೆಣಭಾರ. ಆಮೇಲೆ ಭಾನುವಾರವೂ ಒಂದು ಗಂಟೆ ಮಾತ್ರ ಜಾಸ್ತಿ ಅಂತ ನಿಗದಿ ಮಾಡಿದೆವು. ಎದ್ದ ತಕ್ಷಣ ಹಾಲಿನ ಬೂತಿಗೆ ಕಳಿಸುತ್ತಿದ್ದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಒಳಗಿನ ಗಡಿಯಾರ ಮುಂಚಿನ ಹೊತ್ತಿಗೆ ಸರಿಯುತ್ತದೆ. ಮೊದಮೊದಲು ಮುಖ ಊದಿಸಿಕೊಂಡು ಹೋಗುತ್ತಿದ್ದ, ಆಮೇಲೆ ಬೀದಿ ನಾಯಿಗೆ ಬಿಸ್ಕತ್ತು ಹಾಕುವ ನೆಪದಲ್ಲಿ ತಾನೇ ಹೊರಡತೊಡಗಿದ.

ಮಲಗುವ ಹೊತ್ತನ್ನೂ ಒಮ್ಮೆಲೇ ಹತ್ತಕ್ಕೆ ತರಲಿಲ್ಲ. ಹೇಗೂ ಹನ್ನೆರಡೂವರೆಗೆ ನಿದ್ದೆ ಬರುತ್ತಿತ್ತಲ್ಲ, ಹನ್ನೆರಡೂ ಕಾಲಿಗೆ ಹಾಸಿಗೆ ಅಂದೆವು. ಅದು ಹೊಂದಿಕೊಂಡಿತು ಅನ್ನಿಸಿದಾಗೆಲ್ಲ ಇನ್ನೊಂದು ಕಾಲು ಗಂಟೆ ಹಿಂದಕ್ಕೆ. ಹತ್ತೂಮುಕ್ಕಾಲಿಗೆ ಬರುವಷ್ಟರಲ್ಲಿ ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಪರೀಕ್ಷೆ ಬಂದು ಎಲ್ಲ ಎಕ್ಕುಟ್ಟಿಹೋಯಿತು, ರಜೆಯಲ್ಲಿ ಮತ್ತೆ ಮೊದಲಿಂದ.

ಹುಬ್ಬಳ್ಳಿಯಿಂದ:
ಮಗಳ ಫೋನ್ ಮಾತ್ರ ಕಿತ್ತುಕೊಂಡರೆ ಯುದ್ಧವೇ. ನಮ್ಮಲ್ಲಿ ಹತ್ತು ಗಂಟೆಗೆ ಮನೆಯ ಮೂರೂ ಫೋನು ಚಕ್ಕುಲಿ ಡಬ್ಬಿಗೆ, ಡಬ್ಬಿ ಫ್ರಿಜ್ ಮೇಲೆ. ಮೊದಲನೇ ರಾತ್ರಿ ಸ್ಟೀಲ್ ಡಬ್ಬಿಯೊಳಗೆ ಫೋನು ಗುಂಯ್ ಅಂತ ನಡುಗಿತು ನೋಡಿ, ಎದ್ದು ಓಡಿದ್ದು ಮಗಳಲ್ಲ, ನಮ್ಮ ಯಜಮಾನರು! ‘ಅಪ್ಪನೂ ಸೋತರು’ ಅಂತ ಅವಳು ನಕ್ಕಳು, ಅಲ್ಲಿಗೆ ಅರ್ಧ ಜಗಳ ಮುಗಿಯಿತು. ಅಲಾರಾಂಗೆ ಫೋನ್ ಬೇಕೇಬೇಕು ಅಂದಳು. ಪೇಟೆಗೆ ಹೋಗಿ ಒಂದು ಸಾದಾ ಅಲಾರಾಂ ಗಡಿಯಾರ ತಂದೆ.

ಒಬ್ಬ ಅಪ್ಪ, ಬೆಂಗಳೂರು:
ಟ್ಯೂಷನ್‌ಗೆ ಮುಂಚೆ ಕಾಫಿ ಕೊಡುತ್ತೀರಾ? ನಾನು ನನ್ನ ಮಗಳಿಗೆ ಕೊಡುತ್ತಿದ್ದೆ, ಸಂಜೆ ಆರಕ್ಕೆ ಗಟ್ಟಿ ಫಿಲ್ಟರ್ ಕಾಫಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲಿಕ್ಕೇ ಸುಮಾರು ಐದು ಗಂಟೆ ಬೇಕಂತೆ. ಅಂದರೆ ರಾತ್ರಿ ಹನ್ನೊಂದಕ್ಕೂ ಅರ್ಧ ಲೋಟ ಹೊಟ್ಟೆಯಲ್ಲಿ ಇದ್ದ ಲೆಕ್ಕ. ಈಗ ಮಜ್ಜಿಗೆ. ಸ್ಕೂಲಿಂದ ಬಂದು ಎರಡು ಗಂಟೆ ಗಡದ್ದಾಗಿ ಮಲಗುತ್ತಿದ್ದಳು, ಅದನ್ನೂ ಇಪ್ಪತ್ತು ನಿಮಿಷಕ್ಕೆ ಇಳಿಸಿದೆವು. ನಮ್ಮಲ್ಲಿ ಫೋನಿಗಿಂತ ಈ ಸಂಜೆ ನಿದ್ದೆಯೇ ದೊಡ್ಡ ಕಳ್ಳ.

ಶಿವಮೊಗ್ಗದಿಂದ:
ಚಿಕ್ಕವನ ಬಗ್ಗೆ ಒಂದು ಮಾತು. ಅವನಿಗೆ ಅಕ್ಕನ ಟೈಮ್‌ಟೇಬಲ್ ಬೇಡವೇ ಬೇಡ. ಎಂಟೂವರೆಗೆ ಬೇರೆ ಕೋಣೆ, ಸಣ್ಣ ದೀಪ, ದಿನಾ ಅದೇ ಕ್ರಮ: ಹಲ್ಲುಜ್ಜು, ಉಚ್ಚೆ ಹೊಯ್ಯಿ, ಒಂದು ಕತೆ. ಇನ್ನೊಂದು ಕತೆ ಅಂದರೆ ನಾಳೆಗೆ.

ಮಲಗಿದಾಗ ಬಾಯಿ ತೆರೆದು ದಿನಾ ಗೊರಕೆ ಹೊಡೆಯುತ್ತಾನಾ, ಗಮನಿಸಿ. ನನ್ನ ಮಗನದು ಅಭ್ಯಾಸ ಅಂತ ವರ್ಷಗಟ್ಟಲೆ ಸುಮ್ನಿದ್ದೆವು. ಕಿವಿ-ಮೂಗು-ಗಂಟಲು ಡಾಕ್ಟರು ನೋಡಿದಾಗ ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಗ್ರಂಥಿ ಊದಿಕೊಂಡಿತ್ತು. ಆನ್‌ಲೈನಲ್ಲಿ ಸಿಗುವ ಮೆಲಟೋನಿನ್ ಗಮ್ಮಿಗಳನ್ನು ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡಿ.

ಕೇಳಿದವಳೇ, ಮೂರು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. ಅವಳು ಈಗ ಹನ್ನೊಂದೂಮುಕ್ಕಾಲಿಗೆ ಮಲಗುತ್ತಾಳೆ. ಭಾನುವಾರ ಏಳಿಸುವುದು ಇನ್ನೂ ಆಗಿಲ್ಲ, ಹೋದ ವಾರ ಮದುವೆ ಬೇರೆ ಇತ್ತು. ಡಬ್ಬಿಯಲ್ಲಿ ಈಗ ನಾಲ್ಕು ಸಾಮಾನು: ಮೂರು ಫೋನು, ಚಿಕ್ಕವನ ಪ್ಲಾಸ್ಟಿಕ್ ಆಟದ ಫೋನು. ಅವನದನ್ನು ಮೊದಲು ಇಡದಿದ್ದರೆ ಮುಚ್ಚಳ ಹಾಕಲಿಕ್ಕೇ ಬಿಡುವುದಿಲ್ಲ.