ಮಾಲೆ ಹಾಕಿ ನಾಲ್ಕನೇ ದಿನ, ಇಲ್ಲದ ಇರುವೆ ಹೆಕ್ಕುತ್ತಿದ್ದಾರೆ

ಪ್ರಶ್ನೆ: ಡಾಕ್ಟ್ರೇ, ನಮ್ಮನೆಯವರು ಆಟೋ ಓಡಿಸ್ತಾರೆ, ವಯಸ್ಸು 44. ಹದಿನೈದು ವರ್ಷದಿಂದ ಕುಡಿತ ಇದೆ. ಈಗೀಗ ದಿನಕ್ಕೆ ಎರಡು ಕ್ವಾರ್ಟರ್. ಬೆಳಿಗ್ಗೆ ಕೈ ನಡುಗುತ್ತೆ ಅಂತ ಒಂದು ನೈಂಟಿ ಹಾಕ್ಕೊಂಡೇ ಗಾಡಿ ತೆಗೆಯೋದು. ವರ್ಷಕ್ಕೊಮ್ಮೆ ಅಯ್ಯಪ್ಪ ಮಾಲೆ ಹಾಕ್ತಾರೆ, ಅಷ್ಟೂ ದಿನ ಮುಟ್ಟಲ್ಲ. ಈ ಸಲ ಸೋಮವಾರ ಮಾಲೆ ಹಾಕಿದ್ರು, ಭಾನುವಾರ ರಾತ್ರಿ ಕುಡಿದಿದ್ದೇ ಕೊನೆ. ಸೋಮವಾರ ಪೂರ್ತಿ ಬೆವರು, ನಿದ್ದೆ ಇಲ್ಲ. ಮಂಗಳವಾರ ಸಂಜೆ ಕೈಕಾಲು ಸೆಟೆದು ಬಿದ್ರು, ಆಮೇಲೆ ತಾನಾಗೇ ಸರಿಹೋಯ್ತು. ನಿನ್ನೆ ರಾತ್ರಿಯಿಂದ ಚಾಪೆ ಮೇಲೆ ಇರುವೆ ಹರಿದಾಡ್ತಿವೆ ಅಂತ ಒಂದೊಂದೇ ಹೆಕ್ಕಿ ಎಸೀತಿದ್ದಾರೆ. ಒಂದು ಇರುವೆನೂ ಇಲ್ಲ ಅಲ್ಲಿ. ಕೂತಲ್ಲೇ ಬಲಗೈ ತಿರುಗಿಸಿ ಆಕ್ಸಿಲರೇಟರ್ ಕೊಡ್ತಾರೆ, "ಮೆಜೆಸ್ಟಿಕ್, ಮೆಜೆಸ್ಟಿಕ್" ಅಂತ ಕೂಗ್ತಾರೆ. ನಮ್ಮತ್ತೆ ಮೈಮೇಲೆ ಸ್ವಾಮಿ ಬಂದಿದೆ ಅಂತಾರೆ, ಭಾವ ವ್ರತದಲ್ಲಿ ಏನೋ ಅಪಚಾರ ಆಗಿದೆ ಅಂತಾರೆ. ಏನು ಮಾಡ್ಲಿ?

ಉತ್ತರ: ಅಮ್ಮಾ, ಉಳಿದದ್ದನ್ನು ಆಮೇಲೆ ಓದಿ. ಮೊದಲು 108ಕ್ಕೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗಿ. ಅಲ್ಲಿ ಮೂರು ವಿಷಯ ಹೇಳಿ: ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಯಾವಾಗ, ಫಿಟ್ಸ್ ಬಂದಿತ್ತು ಅನ್ನೋದು. ಮಾಲೆ ಹಾಕಿದವರನ್ನು ಕುಡುಕ ಅಂತ ಹೇಳೋದು ಹೇಗೆ ಎಂದು ಮನೆಯವರು ಇದನ್ನೇ ಮುಚ್ಚಿಡುತ್ತಾರೆ. ಆಗ ಅಲ್ಲಿಯ ವೈದ್ಯರು ಮೆದುಳು ಜ್ವರವೋ ಇನ್ನೊಂದೋ ಎಂದು ಹುಡುಕುತ್ತಾ ಕೂರಬೇಕಾಗುತ್ತದೆ.

(ಆಂಬುಲೆನ್ಸ್ ಹೊರಟಿದೆ ಎಂದು ಇವರು ಬರೆದ ಮೇಲೆ ಉಳಿದದ್ದನ್ನು ಬರೆಯುತ್ತಿದ್ದೇನೆ.)

ಇದು ಡೆಲಿರಿಯಂ ಟ್ರೆಮೆನ್ಸ್. ತುಂಬಾ ದಿನದಿಂದ ಕುಡಿಯುತ್ತಿದ್ದವರು ಒಮ್ಮೆಗೇ ನಿಲ್ಲಿಸಿದಾಗ ಬರುವ ತೊಂದರೆಗಳಲ್ಲಿ ಅತಿ ಅಪಾಯದ್ದು. ಚಿಕಿತ್ಸೆ ಇಲ್ಲದೆ ಬಿಟ್ಟರೆ ಜೀವವೇ ಹೋಗಬಹುದು. ಹಗ್ಗಜಗ್ಗಾಟ ನೋಡಿದ್ದೀರಲ್ಲ? ಮದ್ಯ ಮೆದುಳನ್ನು ಮಂಪರಿನ ಕಡೆಗೆ ಎಳೆಯುತ್ತದೆ. ಮೆದುಳು ಎಚ್ಚರವಾಗಿರಬೇಕಲ್ಲ, ಅದು ಈ ಕಡೆಯಿಂದ ಎಳೆಯುತ್ತದೆ. ವರ್ಷಗಟ್ಟಲೆ ಎಳೆದೂ ಎಳೆದೂ ಎರಡು ಕಡೆಯೂ ಬಲ ಹೆಚ್ಚಿರುತ್ತದೆ. ಎರಡು ಕ್ವಾರ್ಟರ್ ಅಂದರೆ 360 ಮಿಲಿ, ಅದರಲ್ಲಿ ಸುಮಾರು 120 ಗ್ರಾಂ ಶುದ್ಧ ಆಲ್ಕೋಹಾಲ್. ಅಷ್ಟು ಎಳೆತವನ್ನು ಒಂದೇ ರಾತ್ರಿ ಬಿಟ್ಟರೆ ಇನ್ನೊಂದು ಕಡೆ ಇದ್ದವರು ಹಿಂದಕ್ಕೆ ಬೀಳುತ್ತಾರೆ. ನಡುಕ, ಬೆವರು, ಎದೆ ಹೊಡೆತ, ಫಿಟ್ಸ್ ಎಲ್ಲ ಆ ಬೀಳುವಿಕೆಯೇ.

ಇದಕ್ಕೊಂದು ಲೆಕ್ಕವೂ ಇದೆ. ಕೊನೆಯ ಪೆಗ್ ಆಗಿ 6ರಿಂದ 12 ಗಂಟೆಯೊಳಗೆ ನಡುಕ ಶುರು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ 48 ಗಂಟೆಯಲ್ಲಿ. ಇಲ್ಲದ್ದು ಕಾಣುವುದು, ಊರು-ದಿನ ಮರೆಯುವುದು ಎರಡರಿಂದ ನಾಲ್ಕನೇ ದಿನದ ನಡುವೆ. ಇವರ ಸೋಮವಾರ, ಮಂಗಳವಾರ, ಬುಧವಾರವನ್ನು ಪಕ್ಕದಲ್ಲಿಟ್ಟು ನೋಡಿ. ಇನ್ನು ಆ ಆಕ್ಸಿಲರೇಟರ್. ಈ ಸ್ಥಿತಿಯಲ್ಲಿ ಕೈಗಳು ರೂಢಿಯ ಕೆಲಸವನ್ನೇ ಮಾಡುತ್ತವೆ. ನಾನು ಕಲಿಯುತ್ತಿದ್ದಾಗ ವಾರ್ಡಿನಲ್ಲಿ ಒಬ್ಬ ಟೈಲರ್ ಇದ್ದರು, ರಾತ್ರಿಯಿಡೀ ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸುತ್ತಿದ್ದರು. ದಾರಕ್ಕೆ ಎಂಜಲು ಹಚ್ಚುವುದನ್ನೂ ಬಿಡುತ್ತಿರಲಿಲ್ಲ.

ಪ್ರಶ್ನೆ (ಇನ್ನೊಬ್ಬರು): ಪ್ರತಿ ವರ್ಷ ಮಾಲೆ ಹಾಕಿ ಬಿಡ್ತಿದ್ರಲ್ಲ ಸರ್, ಆಗೆಲ್ಲ ಏನೂ ಆಗದೆ ಈಗ ಯಾಕೆ? ನಮ್ಮಣ್ಣನೂ ಹೀಗೇ, "ನಂಗೆ ಕಂಟ್ರೋಲ್ ಇದೆ, ಮಾಲೆ ಹಾಕಿದ್ರೆ ಬಿಡ್ತೀನಲ್ಲ" ಅಂತಾನೆ.

ಉತ್ತರ: ಒಳ್ಳೆ ಪ್ರಶ್ನೆ. ಹೀಗೆ ಬಿಟ್ಟು ಹಿಡಿದು ಮಾಡಿದಷ್ಟೂ ಬಿಡುವಾಗಿನ ನರಳಾಟ ಸಾಮಾನ್ಯವಾಗಿ ಹೆಚ್ಚುತ್ತಾ ಹೋಗುತ್ತದೆ. ಮೊದಲ ವರ್ಷ ಬರೀ ನಿದ್ದೆ ಕೆಟ್ಟಿರುತ್ತದೆ, ಆಮೇಲೊಂದು ವರ್ಷ ಕೈ ನಡುಗುತ್ತದೆ, ಮತ್ತೊಂದು ವರ್ಷ ಫಿಟ್ಸ್. 41 ದಿನ ಬಿಡುವುದು ಸುಳ್ಳಲ್ಲ, ಆ ಶ್ರದ್ಧೆ ನಿಜವೇ. ಆದರೆ ಬೆಳಿಗ್ಗೆ ನಡುಕ ನಿಲ್ಲಿಸಲು ಕುಡಿಯುವ ಹಂತ ಬಂದಿದ್ದರೆ ಅದು ಕಂಟ್ರೋಲ್ ಅಲ್ಲ. ನಿಮ್ಮಣ್ಣನಿಗೆ ಬೈಯಬೇಡಿ, ಒಂದೇ ಒಂದು ಮಾತು ಕೇಳಿ: "ಬೆಳಿಗ್ಗೆ ಟೀ ಲೋಟ ಒಂದೇ ಕೈಯಲ್ಲಿ ಹಿಡಿದು ಕುಡೀತೀಯಾ?" ನಡುಗುತ್ತದೆ ಎಂದಾದರೆ ಮಾಲೆಗೆ ಒಂದು ವಾರ ಮುಂಚೆ ಮಾನಸಿಕ ವೈದ್ಯರನ್ನು ಕಾಣಲಿ. ಅಲ್ಲಿಯವರೆಗೆ ತಾನಾಗಿ ಒಮ್ಮೆಗೇ ನಿಲ್ಲಿಸುವುದು ಬೇಡ. ಡಾಕ್ಟರೇ ಹೀಗೆ ಹೇಳುವುದಾ ಅನ್ನಬಹುದು, ಆದರೂ ಅದೇ ಸರಿ.

ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಮ್ ಮಾತ್ರೆ ಕೊಡುತ್ತೇವೆ. ಆ ಹಗ್ಗವನ್ನು ಮದ್ಯದ ಬದಲು ಇದು ಹಿಡಿದುಕೊಂಡು, ಸುಮಾರು ಒಂದು ವಾರದಲ್ಲಿ ನಿಧಾನಕ್ಕೆ ಸಡಿಲಿಸುತ್ತದೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ದಯವಿಟ್ಟು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಿಸಬೇಡಿ, ಇದಕ್ಕೂ ಚಟ ಹತ್ತುತ್ತದೆ, ಕುಡಿತದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಇನ್ನೊಂದು. "ಸುಸ್ತಾಗಿದಾರೆ, ಒಂದು ಗ್ಲೂಕೋಸ್ ಹಾಕಿ" ಎಂದು ಊರಿನ ಕ್ಲಿನಿಕ್ಕಿನಲ್ಲಿ ಹಟ ಹಿಡಿಯುವವರಿದ್ದಾರೆ. ಕುಡಿಯುವವರಲ್ಲಿ ಬಿ1 ವಿಟಮಿನ್, ಅಂದರೆ ಥಯಮಿನ್, ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಕಣ್ಣುಗುಡ್ಡೆಯ ಚಲನೆ, ನಡಿಗೆ, ನೆನಪು ಮೂರಕ್ಕೂ ಪೆಟ್ಟು ಬೀಳಬಹುದು. ನೆನಪು ಕೆಲವರಿಗೆ ಮತ್ತೆ ಬರುವುದೇ ಇಲ್ಲ. ಹಾಗಾಗಿ ಥಯಮಿನ್ ಇಂಜೆಕ್ಷನ್ ಮೊದಲು.

ಪ್ರಶ್ನೆ: ಕುಡಿತ ಬಿಡಿಸೋಕೆ ಅಂತ ಗೊತ್ತಾಗದ ಹಾಗೆ ಸಾರಿಗೆ ಬೆರೆಸೋ ಪುಡಿ ಸಿಗುತ್ತಂತೆ. ಕೊಡಬಹುದಾ?

ಉತ್ತರ: ಬೇಡವೇ ಬೇಡ. ಅಂಥ ಪುಡಿಯಲ್ಲಿ ಏನಿದೆ ಎಂದು ಮಾರುವವನೂ ಹೇಳುವುದಿಲ್ಲ. ಡೈಸಲ್ಫಿರಾಂ ಇದ್ದರಂತೂ, ಮೇಲೆ ಕುಡಿದಾಗ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಅದೇ ಔಷಧಿಯನ್ನು ನಾವೂ ಕೊಡುತ್ತೇವೆ, ಆದರೆ ಎಲ್ಲ ಪರೀಕ್ಷೆ ಮಾಡಿ, ನುಂಗುವವರಿಗೆ ಹೇಳಿ, ಅವರು ಒಪ್ಪಿದ ಮೇಲೆ. ಕದ್ದು ಬೆರೆಸಿದ್ದು ಒಂದು ದಿನ ಗೊತ್ತಾಗೇ ಆಗುತ್ತದೆ. ಆಮೇಲೆ ಆ ಮನುಷ್ಯ ಹೆಂಡತಿ ಬಡಿಸಿದ ಅನ್ನವನ್ನೂ ನಂಬುವುದಿಲ್ಲ.

ಪ್ರಶ್ನೆ ಕೇಳಿದವರಿಂದ, ಆರು ದಿನದ ಮೇಲೆ: ಡಾಕ್ಟ್ರೇ, ಅಡ್ಮಿಟ್ ಮಾಡ್ಕೊಂಡ್ರು. ಭಾನುವಾರ ನನ್ನ ಗುರುತು ಹಿಡಿದು "ಗಾಡಿ ಎಲ್ಲಿ ನಿಲ್ಸಿದೀಯ" ಅಂದ್ರು. ಇರುವೆ ವಿಷಯ ನೆನಪೇ ಇಲ್ಲ. ಗುರುಸ್ವಾಮಿಗಳು ಬಂದು, ಔಷಧಿ ತಗೊಂಡ್ರೆ ವ್ರತ ಕೆಡಲ್ಲ ಅಂದ್ರು. ಇನ್ನು ಪರವಾಗಿಲ್ಲ ಅಲ್ವಾ?

ಉತ್ತರ: ತುಂಬಾ ಸಂತೋಷ ಅಮ್ಮಾ. ಆ ಗುರುಸ್ವಾಮಿಗಳಿಗೆ ನನ್ನ ನಮಸ್ಕಾರ ಹೇಳಿ, ಅವರ ಆ ಒಂದು ಮಾತಿನ ಕೆಲಸ ನನ್ನ ಹತ್ತು ಮಾತಿಂದ ಆಗುತ್ತಿರಲಿಲ್ಲ. ಆದರೆ ಈಗ ಮುಗಿದಿರುವುದು ಮೈಯೊಳಗಿನ ನಂಜಿನ ಭಾಗ ಮಾತ್ರ. ನಿದ್ದೆ ಸರಿಯಾಗಲು ಇನ್ನೂ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಸಿಡುಕು ಇರುತ್ತದೆ. ಆಟೋ ಸ್ಟ್ಯಾಂಡಿನಲ್ಲಿ ಸಂಜೆ ಏಳಾದರೆ ಕಾಲು ತಾನಾಗಿ ಅಂಗಡಿ ಕಡೆ ತಿರುಗುತ್ತದೆ. ಆ ಸೆಳೆತಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳಿವೆ, ಯಾವುದು ಹೊಂದುತ್ತದೆ ಎಂದು ಲಿವರ್, ಕಿಡ್ನಿ ನೋಡಿ ನಿಮ್ಮ ವೈದ್ಯರು ಹೇಳುತ್ತಾರೆ. ಬೆಂಗಳೂರಿನಲ್ಲೇ ಇದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ. ನಡುರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನನಗೆ ಚಿಂತೆ ಇರುವುದು ಶಬರಿಮಲೆಯಿಂದ ಬಂದು ಮಾಲೆ ತೆಗೆಯುವ ಆ ಸಂಜೆಯದ್ದು. ಇಷ್ಟು ದಿನ "ಸ್ವಾಮಿ" ಎಂದು ಕರೆಯುತ್ತಿದ್ದವರೇ ಅಂದು "ಬಾ ಮಗಾ" ಅನ್ನುತ್ತಾರೆ, ಗೆಳೆಯರ ಪಾರ್ಟಿ ರೆಡಿ ಇರುತ್ತದೆ. ಮಾಲೆ ತೆಗೆಯುವ ತಾರೀಖು ಗೊತ್ತಾದ ತಕ್ಷಣ, ಅದರ ಮಾರನೇ ಬೆಳಿಗ್ಗೆಗೇ ನಿಮ್ಮ ಡಾಕ್ಟರ ಹತ್ತಿರ ಒಂದು ಚೀಟಿ ಮಾಡಿಸಿಡಿ. ಆ ಸಂಜೆ ಗುರುಸ್ವಾಮಿಗಳನ್ನು ನಿಮ್ಮ ಮನೆಗೇ ಊಟಕ್ಕೆ ಕರೆಯಿರಿ.