ಓದುಗರ ಸ್ಪಂದನ: ಅಯ್ಯನವರ ಹೆಂಡತಿಯ ಗುಟ್ಟಿನ ಆರ್.ಡಿ.

ಕಳೆದ ಸಂಚಿಕೆಯಲ್ಲಿ ಹೆಸರು ಹಾಕಬೇಡಿ ಎಂದು ಬರೆದಿದ್ದ ಸಹೋದರಿಯ ಪತ್ರ ನೆನಪಿರಬಹುದು. ಯಜಮಾನರು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರ ಅಯ್ಯನವರು, ಅಂದರೆ ಪಾಸ್ಟರ್. ನಿವೃತ್ತಿಗೆ ಇನ್ನು ಆರು ವರ್ಷ. ವಾಸ ಪಾರ್ಸನೇಜಿನಲ್ಲಿ, ಅಂದರೆ ಸಭೆ ಕೊಟ್ಟ ಮನೆಯಲ್ಲಿ; ಸ್ವಂತಕ್ಕೆ ಒಂದು ಸೈಟೂ ಇಲ್ಲ. ಬಾಗಿಲಿಗೆ ಬಂದವರ ಔಷಧಿ, ಫೀಸು, ಬಸ್ ಚಾರ್ಜು ಅಂತ ಸಂಬಳದ ಅರ್ಧ ಮೊದಲ ವಾರದಲ್ಲೇ ಕರಗುತ್ತದೆ. ಮದುವೆ, ಮನೆ ಪ್ರಾರ್ಥನೆಗಳಲ್ಲಿ ಸಿಗುವ ಕವರುಗಳನ್ನು ಮಾತ್ರ ಅವರು ಬಿಚ್ಚದೆ ಹೆಂಡತಿಯ ಕೈಗಿಡುತ್ತಾರೆ. ಆಕೆ ಅದರಲ್ಲಿ ತಿಂಗಳಿಗೆ 2,000 ರೂಪಾಯಿ ತೆಗೆದು ಅಂಚೆ ಕಚೇರಿಯಲ್ಲಿ ತನ್ನ ಹೆಸರಿಗೆ ಆರ್.ಡಿ. (ತಿಂಗಳ ಕಂತಿನ ಠೇವಣಿ) ಕಟ್ಟುತ್ತಿದ್ದಾರೆ. 60ರಲ್ಲಿ 44 ಕಂತು ಆಗಿದೆ, ಗಂಡನಿಗೆ ಗೊತ್ತಿಲ್ಲ. “ಇದು ಕಳ್ಳತನವೆ? ಹೇಳಿಬಿಡಲೆ?” ಎಂದು ಕೇಳಿದ್ದರು.

ಮೊದಲು, ಅತಿ ಚಿಕ್ಕ ಪತ್ರ.

*ಲೂಕ 12:24 ಓದಿ. ಕಾಗೆಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ, ಅವಕ್ಕೆ ಉಗ್ರಾಣವೂ ಇಲ್ಲ. ದೇವಸೇವಕನ ಹೆಂಡತಿಗೆ ಅಂಚೆ ಕಚೇರಿಯಲ್ಲಿ ಏನು ಕೆಲಸ?*
— ಪಿ. ಡಿ., ಕೋಲಾರ

ಇದೇ ಧಾಟಿಯ ಪತ್ರಗಳು ಇನ್ನೂ ಮೂರು ಬಂದಿವೆ. ನಾಲ್ಕೂ ಗಂಡಸರವು.

ಮುಂದಿನ ಪತ್ರ ದೀರ್ಘವಾಗಿದೆ. ಕತ್ತರಿಸಲು ಕೂತು, ಎರಡು ಸಾಲು ತೆಗೆದು, ಮತ್ತೆ ಸೇರಿಸಿದ್ದೇವೆ.

*ಸಹೋದರಿಯ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾನೂ ಪಾರ್ಸನೇಜಿನಲ್ಲೇ ಬೆಳೆದವಳು. ಅಪ್ಪ 31 ವರ್ಷ ಸೇವೆ ಮಾಡಿದರು. ಗದಗ-ಬೆಟಗೇರಿ ಕಡೆಯಿಂದ ಶುರುವಾಗಿ ಏಳು ಊರು, ಏಳು ಮನೆ. ಯಾವ ಗೋಡೆಗೂ ಮೊಳೆ ಹೊಡೆಯುವ ಮೊದಲು ಅವ್ವ ಅಪ್ಪನ ಮುಖ ನೋಡುತ್ತಿದ್ದಳು.*

*ನಾನು ಬಿ.ಎಸ್ಸಿ. ಎರಡನೇ ವರ್ಷಕ್ಕೆ ಬಂದಾಗ ಫೀಸಿಗೆಂದು ಇಟ್ಟಿದ್ದ ಹಣವನ್ನು ಅಪ್ಪ ಸಭೆಯ ಒಬ್ಬ ಹೆಣ್ಣುಮಗಳ ಆಪರೇಷನ್ನಿಗೆ ಕೊಟ್ಟರು. ನನ್ನನ್ನು ಕೇಳಲಿಲ್ಲ, ಅವ್ವನನ್ನೂ ಕೇಳಲಿಲ್ಲ. ‘ದೇವರು ಒದಗಿಸ್ತಾನ’ ಅಂದರು. ಆ ವರ್ಷ ದೇವರು ಒದಗಿಸಲಿಲ್ಲ. ನಾನು ಮನೆಯಲ್ಲಿ ಕೂತೆ. ಆಪರೇಷನ್ ಆದವರು ಬದುಕಿದರು. ಈಗಲೂ ಪ್ರತಿ ಕ್ರಿಸ್ಮಸ್‌ಗೆ ಒಂದು ಡಬ್ಬಿ ಕರ್ಜಿಕಾಯಿ ಕಳಿಸುತ್ತಾರೆ. ಒಳ್ಳೆಯ ಕರ್ಜಿಕಾಯಿ. ತಿನ್ನುವಾಗಲೆಲ್ಲ ಆ ಒಂದು ವರ್ಷ ನೆನಪಾಗುತ್ತದೆ. ಇದನ್ನು ಬರೆಯುವುದಕ್ಕೂ ನಾಚಿಕೆಯಾಗುತ್ತದೆ, ಆದರೆ ಬರೆದೆ.*

*ಅಪ್ಪ ನಿವೃತ್ತಿಗೆ ಮುಂಚೆಯೇ, ಒಂದು ಗುರುವಾರ, ಪಡಸಾಲೆಯಲ್ಲಿ ಕೂತಲ್ಲೇ ಹೋದರು. ಕಮಿಟಿಯವರು ಕೆಟ್ಟವರಲ್ಲ, ಮನೆ ಬಿಡಲು ಮೂರು ತಿಂಗಳು ಕೊಟ್ಟರು. ಕೊನೆಯ ದಿನ ಇಬ್ಬರು ಬಂದು ಸಾಮಾನಿನ ಪಟ್ಟಿ ಓದಿದರು: ಮಂಚ ಎರಡು, ಕಬ್ಬಿಣದ ಬೀರು ಒಂದು, ಕಟ್ಟಿಗೆ ಕುರ್ಚಿ ಆರು. ಕುರ್ಚಿ ಐದೇ ಇದ್ದವು. ಆರನೆಯದು ಎಲ್ಲಿ ಅಂತ ಕೇಳಿದರು. ಅದು ನಾವು ಬರುವ ಮೊದಲೇ ಮುರಿದಿತ್ತೋ, ಅಪ್ಪ ಯಾರಿಗಾದರೂ ಕೊಟ್ಟಿದ್ದರೋ! ಅವ್ವ ಮಾತಾಡದೆ ಸೆರಗು ಹೊದ್ದು ಬಜಾರಿಗೆ ಹೋಗಿ ಒಂದು ಕುರ್ಚಿ ಕೊಂಡು, ಕೈಗಾಡಿಯಲ್ಲಿ ತಂದು, ಐದರ ಸಾಲಿಗೆ ಇಟ್ಟಳು. ಬಣ್ಣ ಹೊಂದಲಿಲ್ಲ. ಪಟ್ಟಿ ಹೊಂದಿತು.*

*ಆ ಕುರ್ಚಿಯ ರೊಕ್ಕ, ಲಾರಿ ಬಾಡಿಗೆ, ಹೊಸ ಮನೆಯ ಅಡ್ವಾನ್ಸು ಎಲ್ಲ ಬಂದದ್ದು ಅಡುಗೆಮನೆಯಲ್ಲಿ ಅರಿಶಿನದ ಡಬ್ಬಿಯ ಹಿಂದೆ ಅವ್ವ ಕೂಡಿಟ್ಟಿದ್ದ ಕವರುಗಳಿಂದ. ಒಂದೊಂದರ ಮೇಲೂ ಪೆನ್ಸಿಲ್ಲಿನಲ್ಲಿ ಕೊಟ್ಟವರ ಹೆಸರು, ತಾರೀಖು ಇತ್ತು. ಅಪ್ಪನಿಗೆ ಗೊತ್ತಿತ್ತೇ ಅಂತ ಎಷ್ಟೋ ಸಲ ಕೇಳಿದ್ದೇನೆ. ‘ನಿನಗ್ಯಾಕ’ ಅನ್ನುತ್ತಾಳೆ.*

*ಅಕ್ಕಾ, ಉಳಿದ 16 ಕಂತನ್ನೂ ಕಟ್ಟಿ. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು.*
— ಒಬ್ಬ ಅಯ್ಯನವರ ಮಗಳು, ಹುಬ್ಬಳ್ಳಿ

ಕವರಿನ ಮೇಲೆ ಹೆಸರು ಬರೆದಿಡುವ ಮಾತು ಬಂದದ್ದರಿಂದ, ಕರಾವಳಿಯ ಕಥೋಲಿಕ ಗುರುಗಳೊಬ್ಬರು ಬರೆದದ್ದನ್ನು ಇಲ್ಲೇ ಕೊಡುವುದು ವಾಸಿ. ಸಹೋದರಿ ಕೇಳಿದ್ದಕ್ಕೆ ಇದು ನೇರ ಉತ್ತರವಲ್ಲ.

*ನಮ್ಮದು ಬೇರೆ ವ್ಯವಸ್ಥೆ. ಹೆಂಡತಿ ಮಕ್ಕಳಿಲ್ಲ, ಮುಪ್ಪಿಗೆ ನಿವೃತ್ತ ಗುರುಗಳ ಮನೆ ಇದೆ. ಆದರೆ ಕೈಗೆ ಬರುವ ಹಣಕ್ಕೆ ಕಟ್ಟು ಬಿಗಿ. 1983ರ ಧರ್ಮಸಭಾ ಕಾನೂನಿನ ಪ್ರಕಾರ, ಒಂದೇ ದಿನ ಎರಡು ಮೂರು ಬಲಿಪೂಜೆ (ಮಾಸ್) ಅರ್ಪಿಸಿದರೂ ಗುರುವು ಒಂದರ ಕಾಣಿಕೆಯನ್ನು ಮಾತ್ರ ತಾನು ಇಟ್ಟುಕೊಳ್ಳಬಹುದು, ಕ್ರಿಸ್ಮಸ್ ದಿನ ಬಿಟ್ಟು. ಯಾರಿಗಾಗಿ ಪೂಜೆ, ಎಷ್ಟು ಕಾಣಿಕೆ, ಎಲ್ಲವೂ ಪುಸ್ತಕಕ್ಕೆ ಏರಬೇಕು. ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಲ್ಲುವ ಹಾಗಿಲ್ಲ, ಸ್ವಂತ ಆಸ್ತಿಯ ಮೇಲೂ, ಬಿಷಪರನ್ನು ಕೇಳದೆ. ಈ ಕೊನೆಯ ನಿಯಮ ನನ್ನನ್ನು ಎರಡು ಸಲ ಉಳಿಸಿದೆ. ‘ಬಿಷಪರನ್ನು ಕೇಳಬೇಕು’ ಅಂದರೆ ಸಾಕು, ಬಂದವರು ತಾವೇ ಎದ್ದು ಹೋಗುತ್ತಾರೆ. ಪಾಪ, ನಿಮ್ಮ ಅಯ್ಯನವರಿಗೆ ಹಾಗೆ ಅಡ್ಡ ಇಡಲು ಯಾರೂ ಇಲ್ಲವೇನೋ. ನೀವೇ ಆಗಿ.*
— ಒಬ್ಬ ಧರ್ಮಗುರು, ದಕ್ಷಿಣ ಕನ್ನಡ

ಜಾಮೀನಿನ ವಿಷಯ ಸಹೋದರಿ ಎತ್ತಿರಲಿಲ್ಲ. ಆದರೂ ಸಾಲಗಾರನಷ್ಟೇ ಹೊಣೆ ಜಾಮೀನುದಾರನಿಗೂ ಎಂದು 1872ರ ಕರಾರು ಕಾಯ್ದೆಯ 128ನೇ ಕಲಮು ಹೇಳುತ್ತದೆ ಎಂಬುದನ್ನು ಈ ನೆಪದಲ್ಲಿ ನೆನಪಿಸುತ್ತೇವೆ.

ಲೆಕ್ಕಪರಿಶೋಧಕರೊಬ್ಬರಿಗೆ ಬೇರೆಯದೇ ಚಿಂತೆ.

*ಕವರು ಉಡುಗೊರೆ ಅಂದುಕೊಂಡಿರುತ್ತಾರೆ. ಹುಷಾರು. ತಿರುವನಂತಪುರದಲ್ಲಿ ವೇದಾಂತ ಹೇಳುತ್ತಿದ್ದ ಗುರುಗಳೊಬ್ಬರಿಗೆ ಇಂಗ್ಲೆಂಡಿನ ಶಿಷ್ಯನೊಬ್ಬ ಪ್ರೀತಿಯಿಂದಲೇ ಹಣ ಕೊಡುತ್ತಿದ್ದ. ಬೋಧನೆಯೂ ಒಂದು ವೃತ್ತಿ, ಅದರಿಂದ ಬಂದದ್ದು ಆದಾಯ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ತೀರ್ಪು ಕೊಟ್ಟಿದೆ. ಅನುದಾನಿತ ಶಾಲೆಗಳಲ್ಲಿ ಪಾಠ ಮಾಡುವ ಪಾದ್ರಿಗಳು, ಸಿಸ್ಟರುಗಳು ಸಂಬಳವನ್ನು ತಮ್ಮ ಸಂಸ್ಥೆಗೇ ಒಪ್ಪಿಸಿದರೂ ಟಿ.ಡಿ.ಎಸ್. (ಮೂಲದಲ್ಲೇ ತೆರಿಗೆ) ಕಡಿಯಬೇಕು ಎಂಬುದನ್ನು ಅದೇ ಕೋರ್ಟ್ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. ಈ ಅಮ್ಮನವರ ಮೊತ್ತಕ್ಕೆ ತೆರಿಗೆ ಬೀಳಲಿಕ್ಕಿಲ್ಲ, ಆದರೆ ಲೆಕ್ಕ ಬರೆದಿಡಲಿ.*
— ಕೆ. ವಿ., ಬೆಂಗಳೂರು

*ಈಗ ಕವರು ಎಲ್ಲಿದೆ ಸ್ವಾಮಿ? ಫೋನ್‌ಪೇ ಬರುತ್ತದೆ, ನನ್ನ ಮೊಬೈಲಿಗೇ. ಹೆಂಡತಿಗೆ ತೆಗೆದಿಡಲು ಏನೂ ಸಿಗುವುದಿಲ್ಲ.*
— ಒಬ್ಬ ಯುವ ಪಾಸ್ಟರ್, ಮೈಸೂರು

ಅಂಚೆ ಕಚೇರಿಯಲ್ಲೇ ತಲೆ ನೆರೆಸಿಕೊಂಡವರೊಬ್ಬರ ಕಾರ್ಡು:

*ಆರ್.ಡಿ. ಐದು ವರ್ಷಕ್ಕೆ ಮುಗಿಯುತ್ತದೆ. ಬಂದ ಹಣ ಮನೆಯಲ್ಲಿಡಬೇಡಿ, ಬಾಗಿಲಿಗೆ ಯಾರಾದರೂ ಬಂದೇ ಬರುತ್ತಾರೆ. 60 ತುಂಬಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ; 2023ರ ಏಪ್ರಿಲಿನಲ್ಲಿ ಅದರ ಬಡ್ಡಿ ಶೇ 8.2ಕ್ಕೆ ಏರಿತು. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ, ಗಂಡ ಹೆಂಡತಿ ಜಂಟಿಯಾಗಿ ತೆರೆಯಬಹುದು. ಅದಿರಲಿ, ನಾಮಿನಿ ಅಂತ ಯಾರ ಹೆಸರು ಬರೆದಿದ್ದೀರಿ ತಾಯಿ? ಯಜಮಾನರ ಹೆಸರು ಬರೆದಿದ್ದರೆ ಅರ್ಧ ಹೇಳಿದ ಹಾಗೇ ಆಯಿತು.*
— ನಿವೃತ್ತ ಪೋಸ್ಟ್‌ಮಾಸ್ಟರ್, ಹಾಸನ

ಇದಕ್ಕಿಂತ ನಯವಾಗಿ ನಮಗೆ ಹೇಳಲು ಬರುತ್ತಿರಲಿಲ್ಲ. ಗುಡಿಯ ಕಡೆಯಿಂದಲೂ ಒಂದು ಮಾತು ಬಂದಿದೆ.

*ನಮ್ಮವರು ಅರ್ಚಕರು. ಹುಂಡಿಗೆ ಬಿದ್ದದ್ದು ದೇವಸ್ಥಾನಕ್ಕೆ, ಮಂಗಳಾರತಿ ತಟ್ಟೆಗೆ ಬಿದ್ದದ್ದು ನಮಗೆ. ಸರ್ಕಾರ ಕೊಡುವ ತಸ್ತೀಕು ಹಣ ನಂಬಿದರೆ ಒಲೆ ಹೊತ್ತುವುದಿಲ್ಲ. ರಾತ್ರಿ ಅವರು ಚಿಲ್ಲರೆ ಎಣಿಸಿ ನನ್ನ ಕೈಗೇ ಹಾಕುತ್ತಾರೆ. ‘ಏನು ಮಾಡಿದೆ’ ಅಂತ ಕೇಳಿದ್ದಿಲ್ಲ. ನಿಮ್ಮವರೂ ಕವರು ಬಿಚ್ಚದೆ ಕೊಡುತ್ತಾರಲ್ಲ, ಕಳ್ಳತನ ಎಲ್ಲಿಂದ ಬಂತು? ಹೇಳಿಬಿಡಿ, ಬೈಯಲಿಕ್ಕಿಲ್ಲ.*
— ಎಂ. ಎಸ್., ಸಾಗರ

ಸಹೋದರಿಗೆ ಹಣ ಕಳಿಸುತ್ತೇವೆ, ವಿಳಾಸ ಕೊಡಿ ಎಂದು ಕೇಳಿದವರಿದ್ದಾರೆ. ಕೊಡಲಾಗದು. ತಮ್ಮ ಊರಿನ ಪಾರ್ಸನೇಜಿನ ವಿಳಾಸ ಅವರಿಗೆ ಗೊತ್ತಿರಬಹುದು. ಹಾಗೆ ಗೊತ್ತಿದ್ದವರೊಬ್ಬರ ಪತ್ರದೊಂದಿಗೆ ಈ ಚರ್ಚೆ ಮುಗಿಸುತ್ತೇವೆ.

*ನಾನು ಸಭೆಯೊಂದರ ಖಜಾಂಚಿ, ಒಂಬತ್ತು ವರ್ಷದಿಂದ. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ 4,000 ಕೂಗಿದವನೂ ನಾನೇ. ನಿಮ್ಮ ಪತ್ರಿಕೆ ಓದಿದ ಮೇಲೆ ಭಾನುವಾರ ಆರಾಧನೆ ಮುಗಿಸಿ, ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋಗುತ್ತೀರಿ ಅಂತ ನಮ್ಮ ಅಯ್ಯನವರನ್ನು ಕೇಳಿದೆ. ಅವರು ನಕ್ಕರು. ಅಮ್ಮನವರು ನಗಲಿಲ್ಲ, ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋದರು. ಅಯ್ಯನವರ ಹೆಸರಿಗೆ ಸಭೆಯಿಂದ ತಿಂಗಳಿಗೆ ಇಷ್ಟು ಅಂತ ಠೇವಣಿ ಇಡುವ ವಿಷಯವನ್ನು ಮುಂದಿನ ಕಮಿಟಿಗೆ ಬರೆದು ಕೊಟ್ಟಿದ್ದೇನೆ. ಅಜೆಂಡಾದಲ್ಲಿ ಏಳನೆಯದು. ಆರನೆಯದು ಗೋಪುರದ ಸುಣ್ಣಬಣ್ಣ, ಅದರ ಮೇಲೆ ಮಾತು ಶುರುವಾದರೆ ಕತ್ತಲಾಗುತ್ತದೆ. ಅದನ್ನು ಕೆಳಗೆ ಹಾಕಲು ಸೆಕ್ರೆಟರಿಯನ್ನು ಒಪ್ಪಿಸುತ್ತಿದ್ದೇನೆ.*
— ಜೆ. ಎಸ್., ಚಿಕ್ಕಮಗಳೂರು