ಪದಚರ್ಚೆ: ಗೋಡೆಬರಹಕ್ಕೆ ‘ಕ್ರಿಯೆ’ ಬೇಡ, ಬೇರೆ ಯಾವ ಪದ? (ಶನಿವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಸೋಮವಾರ ಈ ಪಟ್ಟಿಯಲ್ಲಿ, ಅಂದರೆ ನಮ್ಮ ಮೇಲ್ ಬಳಗದಲ್ಲಿ, ಕೇಳಿದ್ದೆ. ಉತ್ತರಗಳು ತುಂಬ ಬಂದಿವೆ, ಗೋಡೆ ಮಾತ್ರ ಇನ್ನೂ ಖಾಲಿ ಇದೆ. ನೋಡದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ಬಳ್ಳಾರಿಯಲ್ಲಿ ನಮ್ಮ ಸಭೆಯ (ಚರ್ಚಿನ) ಕಾಂಪೌಂಡಿಗೆ, ಗೇಟಿನ ಎರಡೂ ಬದಿ, ಎರಡು ಸಾಲು ಬರೆಸಬೇಕು. ಎಡಕ್ಕೆ ಸತ್ಯವೇದದಿಂದ, ಅಂದರೆ ಬೈಬಲಿನಿಂದ, ಪೌಲನ ಮಾತು: ರಕ್ಷಣೆ ಸಿಗುವುದು ನಂಬಿಕೆಯಿಂದ, ನಾವು ಮಾಡಿದ್ದರಿಂದ ಅಲ್ಲ. ಬಲಕ್ಕೆ ಯಾಕೋಬನ ಮಾತು: ಏನೂ ಮಾಡದ ನಂಬಿಕೆ ಸತ್ತ ನಂಬಿಕೆ. ಆ ‘ಮಾಡಿದ್ದು’, ‘ಮಾಡುವುದು’ ಅನ್ನುವ ಕಡೆ ಒಂದು ಪದ ಬೇಕು. ಪೇಂಟರ್ ಶನಿವಾರ ಬೆಳಿಗ್ಗೆ ಬರುತ್ತಾರೆ.

‘ಸತ್ಯವೇದದಲ್ಲಿ ಕ್ರಿಯೆ ಅಂತಿದೆಯಲ್ಲ, ಅದನ್ನೇ ಬರೆಸಿ’ ಎಂದು ಮೂವರು ಬರೆದಿದ್ದೀರಿ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಹೋದ ವಾರ ಅಳತೆಗೆ ಬಂದ ಪೇಂಟರಿಗೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ಕೊಟ್ಟೆ: ‘ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು’. ಅವರು ಗೋಡೆಗೆ ದಾರ ಹಿಡಿದು ನಿಂತಿದ್ದವರು ಓದಿದರು. ದಾರ ಸಡಿಲ ಬಿಟ್ಟು, ಮೆತ್ತಗೆ ಕೇಳಿದರು: ‘ಯಾರು ತೀರ್ಕೊಂಡ್ರು ಅಣ್ಣಾ?’ ಅವರ ತಪ್ಪೇನೂ ಇಲ್ಲ. ಬೀದಿಯಲ್ಲಿ ‘ಕ್ರಿಯೆ’ ಅಂದರೆ ಅಂತ್ಯಕ್ರಿಯೆ, ಕ್ರಿಯಾಕರ್ಮ. ಪಕ್ಕದಲ್ಲೇ ‘ಸತ್ತದ್ದು’ ಬೇರೆ ಇದೆ. ಸಭೆಯ ಒಳಗೆ ನೂರು ಸಲ ಕೇಳಿದವರಿಗೆ ಅದು ಸರಿಯಾಗಿ ಕೇಳಿಸುತ್ತದೆ. ಗೋಡೆ ಇರುವುದು ಹೊರಗಿನವರಿಗೆ, ಅಲ್ವಾ?

‘ಕರ್ಮ ಅಂತ ಹಾಕಿ, ಮುಗೀತು’ ಎಂದವರಿಗೆ: ಮುಗಿಯುವುದಿಲ್ಲ. ‘ನಿನ್ನ ಕರ್ಮ’ ಅಂತ ನಾವು ಯಾವಾಗ ಹೇಳುತ್ತೇವೆ ನೋಡಿ. ಹಿಂದಿನದನ್ನು ಅನುಭವಿಸು ಅನ್ನುವ ಅರ್ಥ ಅದಕ್ಕೆ ಅಂಟಿಬಿಟ್ಟಿದೆ. ಯಾಕೋಬ ಹೇಳುವುದು ಬೇರೆ. ಬಟ್ಟೆಯಿಲ್ಲದೆ, ಹಸಿದು ನಿಂತ ಅಣ್ಣನಿಗೆ ‘ಹೋಗಪ್ಪಾ, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ’ ಎಂದು ಬರೀ ಮಾತು ಹೇಳಿ ಕಳಿಸಿದರೆ ಏನು ಬಂತು ಅಂತ ಕೇಳುತ್ತಾನೆ. ಅಲ್ಲಿ ಬೇಕಾದ್ದು ಒಂದು ಕಂಬಳಿ, ಒಂದು ರೊಟ್ಟಿ.

‘ಕಾಯಕ’ ಸೂಚಿಸಿದ ಮೇಡಂ ಪ್ರೀತಿಯಿಂದ ಬರೆದಿದ್ದಾರೆ. ಆ ಪದ ನನಗೂ ಪ್ರಿಯ. ‘ಕಾಯಕವೇ ಕೈಲಾಸ’ ಎಂಬ ಮಾತಿನ ಆಯ್ದಕ್ಕಿ ಮಾರಯ್ಯ ನಮ್ಮ ರಾಯಚೂರು ಸೀಮೆಯ ಅಮರೇಶ್ವರದವರು. ಬಲಗಡೆ ಸಾಲಿಗೆ ಅದು ಹೇಗೋ ಹೊಂದೀತು. ಎಡಗಡೆ? ‘ಕಾಯಕದಿಂದ ಅಲ್ಲ’ ಎಂದು ಬಳ್ಳಾರಿಯ ರಸ್ತೆಗೆ ಮುಖ ಮಾಡಿದ ಗೋಡೆಯ ಮೇಲೆ ಬರೆಸಿದರೆ ಅದು ಶರಣರ ಮಾತನ್ನು ಕೆಣಕಿದ ಹಾಗೆ ಆಗುತ್ತದೆ. ಪೌಲನಿಗೆ ಅಂಥ ಜಗಳ ಇರಲೇ ಇಲ್ಲ. ದುಡಿಯದವನು ಉಣ್ಣಲೂಬಾರದು ಎಂದವನು ಅವನೇ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ‘ಮೂಲದಲ್ಲಿ ಎರಡೂ ಕಡೆ ಒಂದೇ ಪದ, ಕನ್ನಡದಲ್ಲೂ ಒಂದೇ ಇರಬೇಕು’ ಎಂದು ಒಬ್ಬರು ಖಡಾಖಂಡಿತವಾಗಿ ಹೇಳಿದ್ದಾರೆ. ಗ್ರೀಕಿನಲ್ಲಿ ಒಂದೇ ಪದ ನಿಜ, ‘ಎರ್ಗೊನ್’. ಆದರೆ ನಮ್ಮಲ್ಲಿ ಓದುವ ಹಳೆಯ ಸತ್ಯವೇದ ತೆಗೆದು ನೋಡಿ. ರೋಮಾಪುರದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ‘ನೇಮನಿಷ್ಠೆ’. ಎಫೆಸದವರಿಗೆ ಬರೆದದ್ದರ 2ನೇ ಅಧ್ಯಾಯದಲ್ಲಿ ‘ಪುಣ್ಯಕ್ರಿಯೆ’. ಯಾಕೋಬನ 2ನೇ ಅಧ್ಯಾಯದಲ್ಲಿ ಬರೀ ‘ಕ್ರಿಯೆ’. ಒಂದೇ ಗ್ರೀಕ್ ಪದ, ಮೂರು ಕನ್ನಡ ಪದ. ಇದನ್ನು ಕೆಲವರು ತಪ್ಪು ಅಂದಾರು. ನನಗೆ ಅದರಲ್ಲಿ ಬುದ್ಧಿ ಕಾಣುತ್ತದೆ.

‘ನೇಮನಿಷ್ಠೆ’ ಎಷ್ಟು ಚೆನ್ನಾಗಿದೆ ನೋಡಿ. ‘ನಿಯಮ’ ನಮ್ಮ ಬಾಯಲ್ಲಿ ‘ನೇಮ’ ಆಗಿ, ‘ನಿಷ್ಠೆ’ಯ ಜೊತೆ ಸೇರಿದೆ. ‘ನಮ್ಮತ್ತೆ ಬಹಳ ನೇಮನಿಷ್ಠೆಯವರು’ ಅಂದರೆ ಯಾರಿಗಾದರೂ ವಿವರಿಸಬೇಕೇ? ಮಿಂದು ಮಡಿಯುಟ್ಟ ಮೇಲೇ ಒಲೆ ಹಚ್ಚುವುದು, ಇಂಥ ದಿನ ಇಂಥದ್ದು ತಿನ್ನದಿರುವುದು, ಎಲ್ಲ ಕಣ್ಣ ಮುಂದೆ ಬರುತ್ತದೆ. ಪೌಲ ಗಲಾತ್ಯದವರ ಜೊತೆ ವಾದಿಸಿದ್ದೂ ಸುನ್ನತಿ, ಊಟದ ಪಂಕ್ತಿ, ದಿನ-ತಿಂಗಳು ಆಚರಿಸುವುದು, ಇಂಥದ್ದರ ಬಗ್ಗೆಯೇ. ‘ಇವನ್ನೆಲ್ಲ ಪಾಲಿಸಿದರೇ ದೇವರು ಒಪ್ಪುತ್ತಾನೆ’ ಅನ್ನುವವರಿಗೆ ಅವನು ಇಲ್ಲ ಎಂದ. ಯಾಕೋಬ ಮಾತಾಡುತ್ತಿರುವುದು ಹಸಿದವನ ಬಗ್ಗೆ. ಇಬ್ಬರಿಗೂ ‘ಕ್ರಿಯೆ’ ಅಂತ ಒಂದೇ ಪದ ಹಚ್ಚಿ ಗೇಟಿನ ಎಡಬಲ ನಿಲ್ಲಿಸಿದರೆ, ಒಬ್ಬ ಬೇಡ ಅಂದದ್ದನ್ನೇ ಇನ್ನೊಬ್ಬ ಬೇಕು ಅಂದ ಹಾಗೆ ಕಾಣುತ್ತದೆ. ಆ ಜಗಳವನ್ನು ನಾವೇ ಬಣ್ಣ ಕೊಟ್ಟು ಬರೆಸಿದ ಹಾಗೆ.

ಹಾಗಂತ ನಿಜವಾದ ಜಗಳ ನಡೆದೇ ಇಲ್ಲ ಎನ್ನುತ್ತಿಲ್ಲ. ಪ್ರಾಟೆಸ್ಟಂಟ್ ಸುಧಾರಣೆಯ ಲೂಥರ್ 1522ರ ಜರ್ಮನ್ ಅನುವಾದದಲ್ಲಿ ರೋಮಾಪುರ ಪತ್ರದ ಆ ‘ನೇಮನಿಷ್ಠೆ’ಯ ವಾಕ್ಯದಲ್ಲಿ, ‘ನಂಬಿಕೆಯಿಂದ’ ಎಂಬುದರ ಜೊತೆ, ‘ಮಾತ್ರ’ ಎಂಬ ಅರ್ಥದ ಪದವನ್ನು ತಾನೇ ಸೇರಿಸಿದ. ಗ್ರೀಕಿನಲ್ಲಿ ಅದು ಇಲ್ಲ. ಕೇಳಿದವರಿಗೆ 1530ರಲ್ಲಿ ಪತ್ರ ಬರೆದು, ಜರ್ಮನ್ ಮಾತಿನ ಜಾಯಮಾನ ಅದನ್ನು ಕೇಳುತ್ತದೆ ಎಂದು ಸಮರ್ಥಿಸಿಕೊಂಡ. ಯಾಕೋಬನ ಪತ್ರವನ್ನು ಹುಲ್ಲು ಎಂದವನೂ ಅವನೇ. ಕಥೋಲಿಕರು 1547ರಲ್ಲಿ ಟ್ರೆಂಟ್ ಊರಿನ ಬಿಷಪ್ಪರ ಮಹಾಸಭೆಯಲ್ಲಿ ಉತ್ತರ ಕೊಟ್ಟರು. 1999ರಲ್ಲಿ ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕಥೋಲಿಕರೂ ಈ ವಿಷಯದಲ್ಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿದರು, 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು. ಈ ಪಟ್ಟಿಯಲ್ಲಿ ‘ನಿಮ್ಮ ಲೂಥರ್’, ‘ನಿಮ್ಮ ಪೋಪ್’ ಅಂತ ಶುರು ಮಾಡಿದವರು ಅದನ್ನೊಮ್ಮೆ ಓದಿ.

ನಮಗೆ ಬೇಕಾದ್ದು ವ್ಯಾಕರಣ. ಜರ್ಮನ್ನಿನಲ್ಲಿ ಒಂದು ಇಡೀ ಪದ ಬೇಕಾದ ಕಡೆ ಕನ್ನಡದಲ್ಲಿ ಒಂದು ‘ಏ’ ಸಾಕಾಗಿದೆ: ‘ನಂಬಿಕೆಯಿಂದಲೇ’. ಹಳೆಯ ಸತ್ಯವೇದದಲ್ಲಿ ಹಾಗೇ ಇದೆ. ಅದನ್ನು ಒತ್ತು ಅಂತಲೂ ಓದಬಹುದು, ‘ಮಾತ್ರ’ ಅಂತಲೂ ಓದಬಹುದು. ಆದ್ದರಿಂದ ‘ನಂಬಿಕೆಯಿಂದ ಮಾತ್ರ’ ಬರೆಸಿ ಎಂಬ ಸಲಹೆ ನನಗೆ ಬೇಡ. ‘ಲೇ’ ಇರಲಿ.

ಇನ್ನು ಅಚ್ಚಗನ್ನಡದ ವಿಷಯ. ‘ಗೆಯ್ಮೆ’ (ಕೆಲಸ) ಬೇಡ. ಕೌಲ್ ಬಜಾರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಕೇಳಿದರೂ ಅದು ಏನೆಂದು ತಿಳಿಯುವುದಿಲ್ಲ. ರಕ್ಷಣೆಗೆ ‘ಕಾಪು’ ಕೂಡ ಬೇಡ. ‘ಉರ್ದುವಿನ ಕಸ ಗುಡಿಸಿ’ ಅಂತ ಬರೆದವರಿಗೆ ಒಂದು ಮಾತು. ನಾನು ಸೋಮವಾರ ‘ನಿಯತ್ತು’ ಎಂಬ ಪದ ಎತ್ತಿದ್ದಕ್ಕೆ ಅಷ್ಟು ಸಿಟ್ಟು. ಗ್ರೀಕಿನ ‘ಪಿಸ್ತಿಸ್’ಗೆ ನಂಬುವುದು ಎಂಬ ಅರ್ಥವೂ ಇದೆ, ನಂಬಿಕೆ ಉಳಿಸಿಕೊಳ್ಳುವುದು ಎಂಬ ಅರ್ಥವೂ ಇದೆ. ಎರಡನೆಯದು ನಮ್ಮ ಜನರ ಬಾಯಲ್ಲಿ ನಿಯತ್ತು. ಅರಬ್ಬಿಯಲ್ಲಿ ಅದು ಬರೀ ಉದ್ದೇಶ, ಸಂಕಲ್ಪ. ಉಪ್ಪು ತಿಂದ ಮನೆಗೆ ಎರಡು ಬಗೆಯದಿರುವ ಅರ್ಥವನ್ನು ಅದಕ್ಕೆ ಕೊಟ್ಟವರು ನಾವು. ಹಾಗಿದ್ದ ಮೇಲೆ ಅದು ಯಾರ ಪದ? ಸತ್ಯವೇದದ ತುಂಬ ಇರುವ ‘ಸುನ್ನತಿ’ ಎಲ್ಲಿಂದ ಬಂತು? ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಎಷ್ಟೋ ಕೈ ಅದನ್ನು ತಿದ್ದಿವೆ. ಬೀದಿಯ ಮಾತನ್ನು ದೂರ ಇಟ್ಟಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

‘ವಿಶ್ವಾಸ’ವೋ ‘ನಂಬಿಕೆ’ಯೋ ಅನ್ನುವುದು ಸಭೆಯ ರೂಢಿ. ಮುದಗಲ್ಲಿನ ಕಥೋಲಿಕ ಗೆಳೆಯರು ‘ವಿಶ್ವಾಸ’, ‘ಜೀವೋದ್ಧಾರ’ ಎನ್ನುತ್ತಾರೆ. ನಮ್ಮಲ್ಲಿ ‘ನಂಬಿಕೆ’, ‘ರಕ್ಷಣೆ’. ಅದನ್ನು ಇಲ್ಲಿ ಎಳೆಯುವುದು ಬೇಡ.

ನನ್ನ ಕೈಯಲ್ಲಿರುವ ಕರಡು ಇದು. ಎಡಕ್ಕೆ: ‘ನಂಬಿಕೆಯಿಂದಲೇ ರಕ್ಷಣೆ, ಗಳಿಸಿದ ಪುಣ್ಯದಿಂದ ಅಲ್ಲ’. ಎಫೆಸದ ಆ ವಾಕ್ಯದ ಕೊನೆಗೆ ಯಾರೂ ಹೊಗಳಿಕೊಳ್ಳಬಾರದು ಎಂದಿದೆ. ಹಾಗಾಗಿ ‘ಗಳಿಸಿದ’ ಸರಿಹೋಗುತ್ತದೆ. ಬಲಕ್ಕೆ: ‘ನಡೆಯಿಲ್ಲದ ನಂಬಿಕೆ ಸತ್ತ ನಂಬಿಕೆ’.

‘ನಡೆ’ಯ ಬಗ್ಗೆ ಮಾತ್ರ ಅಳುಕಿದೆ. ‘ನಡೆನುಡಿ’ ಎಲ್ಲರಿಗೂ ಗೊತ್ತು. ಆದರೆ ಒಂಟಿಯಾಗಿ ಬಂದಾಗ ಟೀವಿಯವರ ‘ಮುಂದಿನ ನಡೆ’ ನೆನಪಾಗುತ್ತದೆಯೇ? ‘ನಡೆಯಿಲ್ಲದ’ ಅಂದರೆ ನಡೆಯಲಾರದ ಅಂತ ಓದಿಕೊಂಡಾರೇ? ‘ನಡತೆ’ ಅಂದರೆ ಶಾಲೆಯ ಸರ್ಟಿಫಿಕೇಟಿನ ವಾಸನೆ ಬರುತ್ತದೆ. ಕೊಪ್ಪಳ, ರಾಯಚೂರು ಕಡೆಯವರು ದಯವಿಟ್ಟು ಆ ಸಾಲನ್ನು ಮನೆಯಲ್ಲಿ ಯಾರಿಗಾದರೂ, ಈ ಪಟ್ಟಿಯಲ್ಲಿ ಇಲ್ಲದವರಿಗೆ, ಜೋರಾಗಿ ಓದಿ ಹೇಳಿ. ಅವರು ಏನು ಅರ್ಥ ಮಾಡಿಕೊಂಡರು ಎಂದು ಶುಕ್ರವಾರ ರಾತ್ರಿಯೊಳಗೆ ಬರೆಯಿರಿ. ಗೋಡೆಗೆ ಸುಣ್ಣ ಆಗಿದೆ. ಒಂದೊಂದು ಸಾಲಿಗೆ ಎಂಟು ಅಡಿ ಜಾಗ ಇದೆ.